ಎಂಬತ್ತನೇ ನಿಮಿಷದ ಸೀಟಿ

ಗ್ಯಾಲರಿಯಿಂದ ಬರುವ ಬೈಗುಳದಲ್ಲಿ ಮೊದಲನೆಯದು ರೆಫರಿಯ ಕಣ್ಣಿನ ಬಗ್ಗೆ. ಫುಟ್‌ಬಾಲ್ ಲೀಗ್ ಪಂದ್ಯಗಳಿಗೆ ರೆಫರಿಗಳನ್ನು ತಯಾರು ಮಾಡುವ ನನ್ನನ್ನು ಕೇಳಿದರೆ, ಮೊದಲು ಅವರ ಕಾಲು ನೋಡಿ ಅಂತೀನಿ.

ದೊಡ್ಡ ಮಟ್ಟದ ಪಂದ್ಯದಲ್ಲಿ ರೆಫರಿ 10ರಿಂದ 12 ಕಿಲೋಮೀಟರ್ ಓಡುತ್ತಾರೆ. ಹೆಚ್ಚುಕಮ್ಮಿ ಒಬ್ಬ ಮಿಡ್‌ಫೀಲ್ಡರ್ ಓಡುವಷ್ಟು. ಎದೆಬಡಿತ ಗರಿಷ್ಠ ಮಟ್ಟದ ಶೇ 85ರ ಆಸುಪಾಸಿನಲ್ಲೇ ಇರುತ್ತದೆ. ತಂಡಗಳು ಈಗ 5 ಆಟಗಾರರನ್ನು ಬದಲಿಸಬಹುದು. 70ನೇ ನಿಮಿಷಕ್ಕೆ ಬೆಂಚಿನಿಂದ ಇಪ್ಪತ್ತರ ಹುಡುಗನೊಬ್ಬ ಎದ್ದು ಬಂದು ವಿಂಗ್‌ನಲ್ಲಿ ನುಗ್ಗುತ್ತಾನೆ. ಅವನ ಹಿಂದೆ ಓಡಬೇಕಾದ ರೆಫರಿಗೆ ನಲವತ್ತು ಹತ್ತಿರ. ಅವರಿಗೆ ಬದಲಿ ಯಾರೂ ಇಲ್ಲ.

ಫಿಫಾ ಫಿಟ್‌ನೆಸ್ ಟೆಸ್ಟ್ ಇಟ್ಟಿರುವುದು ಇದಕ್ಕೇ. ಅಂತರರಾಷ್ಟ್ರೀಯ ಪುರುಷ ರೆಫರಿಗಳು 40 ಮೀಟರನ್ನು 6 ಸಲ ಓಡಬೇಕು, ಪ್ರತಿ ಸಲವೂ 6 ಸೆಕೆಂಡಿನಲ್ಲಿ ಮುಗಿಸಬೇಕು. ಆಮೇಲೆ 75 ಮೀಟರ್ ಓಟ 15 ಸೆಕೆಂಡಿನಲ್ಲಿ, 25 ಮೀಟರ್ ನಡಿಗೆ 18 ಸೆಕೆಂಡಿನಲ್ಲಿ. ಹೀಗೆ 40 ಸಲ. ನಡಿಗೆ ಸುಮ್ನೆ ವಿಶ್ರಾಂತಿ ಅಂದುಕೊಂಡವರು ಇಪ್ಪತ್ತೈದನೇ ಸುತ್ತಿಗೆ ಆ 18 ಸೆಕೆಂಡ್ ಸಾಲದೆ ಒದ್ದಾಡುತ್ತಾರೆ.

ಇನ್ನು ತೀರ್ಪಿನ ವಿಷಯ. ಕಾರ್ನರ್ ಕಿಕ್ ಆಯಿತು, ಗೋಲ್‌ಕೀಪರ್ ಚೆಂಡು ಹಿಡಿದು ಉದ್ದಕ್ಕೆ ಎಸೆದ. ಪೆನಾಲ್ಟಿ ಬಾಕ್ಸ್ ಪಕ್ಕ ನಿಂತಿದ್ದ ರೆಫರಿ ಆ ತುದಿಯಿಂದ ಈ ತುದಿಗೆ 70 ಮೀಟರ್ ಓಡಬೇಕು. ಆಟ ಶುರುವಾದ ಹೊಸದರಲ್ಲಾದರೆ ಪಕ್ಕಕ್ಕೆ ಸರಿದು ಓಡುತ್ತಾರೆ, ಇಬ್ಬರು ಆಟಗಾರರ ನಡುವಿನ ಜಾಗ ಕಾಣುತ್ತದೆ. 80ನೇ ನಿಮಿಷದಲ್ಲಿ ಹತ್ತಿರದ ದಾರಿ ಹಿಡಿದು ನೇರ ಹಿಂದಿನಿಂದ ಬರುತ್ತಾರೆ. ಆಗ ಕಾಣುವುದು ಡಿಫೆಂಡರ್‌ನ ಬೆನ್ನು ಮಾತ್ರ. ಕಾಲು ಮೊದಲು ತಾಗಿದ್ದು ಚೆಂಡಿಗೋ ಮೊಣಕಾಲಿಗೋ, ಅದು ಊಹೆ. 2009ರ ಕಾನ್ಫೆಡರೇಷನ್ಸ್ ಕಪ್ ಪಂದ್ಯಗಳ ಮೇಲೆ ನಡೆದ ಅಧ್ಯಯನದಲ್ಲೂ ರೆಫರಿಗಳ ತಪ್ಪುಗಳು ಹೆಚ್ಚಾಗಿದ್ದು ಕೊನೆಯ 15 ನಿಮಿಷಗಳಲ್ಲೇ.

ಇನ್ನೊಂದು ವಿಷಯ ಜನರ ಗಮನಕ್ಕೆ ಬರುವುದು ಕಡಿಮೆ. ಸೀಟಿ ಊದಿದರೆ ಆಟ ನಿಲ್ಲುತ್ತದೆ, ರೆಫರಿಗೂ ಉಸಿರು ಸಿಗುತ್ತದೆ. ಅಡ್ವಾಂಟೇಜ್ ಕೊಡಬೇಕೆಂದರೆ, ಅಂದರೆ ಫೌಲ್ ಆದರೂ ಪೆಟ್ಟು ತಿಂದ ತಂಡಕ್ಕೆ ಲಾಭವಿದೆ ಅಂತ ಆಟ ಬಿಡಬೇಕೆಂದರೆ, ಎರಡು ಮೂರು ಸೆಕೆಂಡ್ ಕಾಯಬೇಕು, ಕಾಯುತ್ತಲೇ ಮತ್ತೆ ಓಡಬೇಕು. ದಣಿದವರು ಕಾಯುವುದಿಲ್ಲ. ಕೊನೆಕೊನೆಗೆ ಮೈದಾನದ ಮಧ್ಯದಲ್ಲಿ ಸಣ್ಣಪುಟ್ಟ ಫೌಲ್‌ಗೆಲ್ಲ ಸೀಟಿ ಜಾಸ್ತಿಯಾದರೆ ನಾನು ರೆಫರಿಯ ಭುಜ ನೋಡುತ್ತೇನೆ, ಏರಿಳಿಯುತ್ತಿರುತ್ತದೆ. ಬೇಕಂತಲೇ ಮಾಡುವುದಲ್ಲ. ಆಮೇಲೆ ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ.

ಪಕ್ಕದ ಗೆರೆಯಲ್ಲಿ ಫ್ಲ್ಯಾಗ್ ಹಿಡಿದು ಓಡುವ ಲೈನ್ಸ್‌ಮನ್ ಪಾಡು ಬೇರೆ. ಮುಖ ಮೈದಾನದ ಕಡೆ, ಓಟ ಅಡ್ಡಡ್ಡ, ಕೊನೆಯಿಂದ ಎರಡನೇ ಡಿಫೆಂಡರ್‌ಗೆ ಸದಾ ಸಮನಾಗಿ. ಪಾಸ್ ಕೊಡುವ ಕ್ಷಣಕ್ಕೆ ಎದುರಾಳಿ ಆ ಡಿಫೆಂಡರ್‌ಗಿಂತ ಗೋಲಿಗೆ ಹತ್ತಿರವಿದ್ದರೆ ಆಫ್‌ಸೈಡ್. ಒಂದು ಹೆಜ್ಜೆ ಹಿಂದುಮುಂದಾದರೂ ನೋಟದ ಕೋನ ತಪ್ಪಿ ಆಫ್‌ಸೈಡ್ ಅಲ್ಲದ್ದು ಆಫ್‌ಸೈಡ್ ಆಗಿ ಕಾಣುತ್ತದೆ. 2000ದಲ್ಲೇ ಡಚ್ ಸಂಶೋಧಕರು ಇದನ್ನು ತೋರಿಸಿದ್ದರು. ಕೆಲವೊಮ್ಮೆ ಎಷ್ಟು ಫಿಟ್ ಇದ್ದರೂ ಸಾಲದು. 2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡ್‌ನ ಲ್ಯಾಂಪಾರ್ಡ್ ದೂರದಿಂದ ಹೊಡೆದ ಚೆಂಡು ಕ್ರಾಸ್‌ಬಾರ್‌ಗೆ ಬಡಿದು ಗೆರೆ ದಾಟಿ ಬಿತ್ತು, ಪುಟಿದು ಹೊರಬಂತು. ಗೋಲ್ ಕೊಡಲಿಲ್ಲ. ಚೆಂಡು ಹೋದ ವೇಗದಲ್ಲಿ ಯಾವ ಮನುಷ್ಯನೂ ಗೋಲ್‌ಲೈನ್‌ಗೆ ಓಡಿ ಮುಟ್ಟಲಾರ. ಆ ಕೆಲಸಕ್ಕೆ ಈಗ ಯಂತ್ರ ಇದೆ, ದೊಡ್ಡ ಟೂರ್ನಿಗಳಲ್ಲಿ ವಿಡಿಯೊ ನೋಡಿ ರೆಫರಿಗೆ ನೆರವಾಗುವ ವಿಎಆರ್ ಇದೆ. ನಮ್ಮ ಜಿಲ್ಲಾ ಲೀಗ್‌ಗಳಲ್ಲಿ ಎರಡೂ ಇಲ್ಲ. ಮಧ್ಯಾಹ್ನದ ಬಿಸಿಲು ಇದೆ. ಸಣ್ಣ ಟೂರ್ನಿಯಾದರೆ ಒಂದು ಪಂದ್ಯ ಮುಗಿಸಿದವರೇ ಇನ್ನೊಂದಕ್ಕೆ ಫ್ಲ್ಯಾಗ್ ಹಿಡಿಯುವುದೂ ಇದೆ.

ಅದಕ್ಕೇ ಬರೀ ಓಡಿಸಿದರೆ ಪ್ರಯೋಜನವಿಲ್ಲ. ಸ್ಪ್ರಿಂಟ್ ಮುಗಿದ ತಕ್ಷಣ, ಉಬ್ಬಸ ಇಳಿಯುವ ಮೊದಲೇ, ಫೋನಿನಲ್ಲಿ ಹತ್ತು ಸೆಕೆಂಡಿನ ಒಂದು ಕ್ಲಿಪ್ ತೋರಿಸಿ ಕೇಳುತ್ತೇವೆ: ಫೌಲೋ, ಅಲ್ವೋ? ಕಾರ್ಡ್ ಯಾವುದು? ಹೊಸಬರು ಥಟ್ಟಂತ ‘ಹಳದಿ’ ಅಂತಾರೆ. ಡಿಫೆಂಡರ್ ಯಾವ ಕಾಲು ಚಾಚಿದ ಅಂತ ಕೇಳಿದರೆ ಮಾತಿಲ್ಲ. ಎರಡು ನಿಮಿಷ ಸುಧಾರಿಸಿಕೊಂಡ ಮೇಲೆ ಅದೇ ಕ್ಲಿಪ್ ಹಾಕಿದರೆ, ಅರ್ಧ ಜನ ತೀರ್ಪು ಬದಲಿಸುತ್ತಾರೆ.