ಟೇಸ್ಟಿಂಗ್ ಮೆನುವಿನಲ್ಲಿ ಹೊಟ್ಟೆ ತುಂಬುತ್ತಾ?

ಪ್ರಶ್ನೆ: ಮದುವೆ ವಾರ್ಷಿಕೋತ್ಸವಕ್ಕೆ ಟೇಸ್ಟಿಂಗ್ ಮೆನು ಇರುವ ರೆಸ್ಟೋರೆಂಟ್‌ಗೆ ಹೋಗೋಣ ಅಂತಿದ್ದೇವೆ. ಫೋಟೊ ನೋಡಿದರೆ ಇಷ್ಟಗಲ ತಟ್ಟೆ, ನಡುವೆ ಒಂದೇ ಒಂದು ತುತ್ತು. ಅಷ್ಟು ದುಡ್ಡು ಕೊಟ್ಟೂ ಹಸಿದುಕೊಂಡು ಮನೆಗೆ ಬರಬೇಕಾ?

ಉತ್ತರ: ಇಲ್ಲ, ಹೊಟ್ಟೆ ಚೆನ್ನಾಗಿಯೇ ತುಂಬುತ್ತದೆ. ಟೇಸ್ಟಿಂಗ್ ಮೆನು ಅಂದರೆ ಅಡುಗೆಯವರೇ ಆರಿಸಿದ ಪುಟ್ಟ ಪುಟ್ಟ ತಿನಿಸುಗಳು ಒಂದಾದ ಮೇಲೊಂದು ಬರುವ ಊಟ. ಫೋಟೊದಲ್ಲಿ ಕಾಣುವುದು ಅದರಲ್ಲಿ ಒಂದು ತಟ್ಟೆ. ಅಂಥವು ಸಾಮಾನ್ಯವಾಗಿ ಹತ್ತು ಹನ್ನೆರಡು ಬರುತ್ತವೆ. ಒಂದೊಂದರಲ್ಲಿ ಬರೀ 50 ಗ್ರಾಂ ಅಂತ ಹಿಡಿದರೂ ಕಮ್ಮಿಯೆಂದರೆ ಅರ್ಧ ಕೆಜಿ ಆಯಿತು, ಅಲ್ವಾ? ಎಷ್ಟೋ ಕಡೆ ಬೆಣ್ಣೆ, ಕೆನೆ ಧಾರಾಳ. ಎರಡೂವರೆ ಮೂರು ಗಂಟೆ ಕೂತು ನಿಧಾನಕ್ಕೆ ತಿನ್ನುತ್ತೀರಿ. ಎಂಟನೇ ತಟ್ಟೆ ಬರುವ ಹೊತ್ತಿಗೆ 'ಇನ್ನೂ ಇದೆಯಾ?' ಅನ್ನುವವರೇ ಜಾಸ್ತಿ.

ಹಾಗಾದರೆ ತುತ್ತು ಯಾಕೆ ಅಷ್ಟು ಚಿಕ್ಕದು? ನಾಲಿಗೆ ಬೇಗ ಒಗ್ಗಿಕೊಳ್ಳುತ್ತದೆ. ಮೊದಲ ಎರಡು ತುತ್ತಿನಲ್ಲಿದ್ದ ಖುಷಿ ಹತ್ತನೆಯದರಲ್ಲಿ ಇರುವುದಿಲ್ಲ. ರುಚಿ ಬದಲಾದರೆ ಮತ್ತೆ ಆಸೆ ಹುಟ್ಟುತ್ತದೆ. ಸಾಕಪ್ಪಾ ಅಂದ ಮೇಲೂ ಹೋಳಿಗೆಗೆ ಜಾಗ ಸಿಗುತ್ತದಲ್ಲ, ಅದೇ ಇದು. ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1980ರ ದಶಕದಲ್ಲೇ ಪ್ರಯೋಗ ಮಾಡಿ ಇದನ್ನು ತೋರಿಸಿದ್ದಾರೆ.

ಚೆನ್ನೈನ ಐಟಿಸಿ ಗ್ರ್ಯಾಂಡ್ ಚೋಳ ಹೋಟೆಲಿನಲ್ಲಿರುವ ಆವರ್ತನಾ ರೆಸ್ಟೋರೆಂಟನ್ನೇ ನೋಡಿ. 2017ರಲ್ಲಿ ಶುರುವಾಯಿತು. ದಕ್ಷಿಣ ಭಾರತದ ರುಚಿಗಳದ್ದೇ ಮೆನು, 7 ಬಗೆಯಿಂದ 13 ಬಗೆಯವರೆಗೆ. ಅಲ್ಲಿ ಹೆಸರಾದದ್ದು ಟೊಮೆಟೊ ರಸಂ. ಕಾಫಿ ಮಾಡುವ ಫ್ರೆಂಚ್ ಪ್ರೆಸ್‌ನಲ್ಲಿ ಕೊತ್ತಂಬರಿ ಸೊಪ್ಪಿನ ಘಮ ಇಳಿಸಿ, ನಿಮ್ಮೆದುರೇ ಗಾಜಿನ ಲೋಟಕ್ಕೆ ಬಗ್ಗಿಸುತ್ತಾರೆ. ನೋಡುವುದಕ್ಕೆ ತಿಳಿ, ಬಾಯಿಗೆ ಪೂರಾ ರಸಂ. ಅನ್ನಕ್ಕೆ ಕಲೆಸುವುದಕ್ಕಲ್ಲ, ಗುಟುಕರಿಸುವುದಕ್ಕೆ. ಅದನ್ನೇ ಬಟ್ಟಲು ತುಂಬ ಕೊಟ್ಟರೆ ಅರ್ಧಕ್ಕೇ ಆ ಅಚ್ಚರಿ ಹೋಗಿಬಿಡುತ್ತದೆ.

ನನಗೆ ಮುಖ್ಯ ಅನಿಸುವ ವ್ಯತ್ಯಾಸ ಬೇರೆ. ಬಾಳೆ ಎಲೆ ಊಟದಲ್ಲಿ ಎಲ್ಲವೂ ಕಣ್ಣೆದುರೇ ಇರುತ್ತದೆ. ಯಾವುದಕ್ಕೆ ಯಾವುದನ್ನು ನೆಂಚಿಕೊಳ್ಳಬೇಕು ಅನ್ನುವುದು ಉಣ್ಣುವವರ ಇಷ್ಟ. ಟೇಸ್ಟಿಂಗ್ ಮೆನುವಿನಲ್ಲಿ ಆ ಕೆಲಸ ಪೂರ್ತಿ ಅಡುಗೆಯವರದು. ಹುಳಿ ಆದ ಮೇಲೆ ಏನು, ಖಾರ ಎಲ್ಲಿಗೆ ಏರಬೇಕು, ಎಲ್ಲವನ್ನೂ ಅವರೇ ಗೊತ್ತು ಮಾಡಿರುತ್ತಾರೆ. 'ಇನ್ನೊಂಚೂರು ಹಾಕಿ' ಅನ್ನುವ ಪದ್ಧತಿ ಇಲ್ಲ. ನೀವು ಕೊಡುವ ದುಡ್ಡಿನಲ್ಲಿ ಈ ಯೋಚನೆಯ ಪಾಲು ದೊಡ್ಡದು. ಅದು ಬೇಡ, ಇಷ್ಟ ಬಂದದ್ದನ್ನು ಬೇಕಾದಷ್ಟು ತಿನ್ನಬೇಕು ಅನ್ನುವವರು ಖಂಡಿತ ಬೇರೆ ಕಡೆ ಹೋಗಿ. ಅದರಲ್ಲಿ ತಪ್ಪೇನಿಲ್ಲ.

ಹೋಗುವುದೇ ಆದರೆ ಸಸ್ಯಾಹಾರ, ಮೊಟ್ಟೆ, ಬೆಳ್ಳುಳ್ಳಿ, ಅಲರ್ಜಿ ಎಲ್ಲವನ್ನೂ ಬುಕ್ ಮಾಡುವಾಗಲೇ ಹೇಳಿ. ಎಷ್ಟೋ ಸಾಸು, ಸಾರುಗಳನ್ನು ಮೊದಲೇ ಮಾಡಿಟ್ಟಿರುತ್ತಾರೆ. ಟೇಬಲ್ಲಿಗೆ ಬಂದು ಹೇಳಿದರೆ ಬದಲಿಸುವುದು ಕಷ್ಟ. ಮಧ್ಯಾಹ್ನ ಉಪವಾಸ ಇರಬೇಡಿ. ಹಸಿದು ಹೋದರೆ ಮೊದಲು ಬರುವ ಬ್ರೆಡ್‌ನಲ್ಲೇ ಹೊಟ್ಟೆ ತುಂಬಿಹೋಗುತ್ತದೆ.

ಬಿಲ್ ಬಗ್ಗೆಯೂ ಮೊದಲೇ ಕೇಳಿ. ಪ್ರತಿ ತಟ್ಟೆಗೆ ಹೊಂದುವ ವೈನ್ ಕೊಡುವ 'ಪೇರಿಂಗ್' ತಗೊಂಡರೆ ಮೊತ್ತ ಜೋರಾಗಿ ಏರುತ್ತದೆ. ಬೇಡವೆಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಊಟದ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ 5%, ದುಬಾರಿ ಸ್ಟಾರ್ ಹೋಟೆಲಿನ ಒಳಗಾದರೆ 18%. ರೆಸ್ಟೋರೆಂಟ್‌ನವರೇ ಬಿಲ್‌ಗೆ ಸೇರಿಸುವ ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಈ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಸೇವೆ ಇಷ್ಟವಾದರೆ ನೀವೇ ಮನಸ್ಸಿಗೆ ಬಂದಷ್ಟು ಟಿಪ್ಸ್ ಕೊಡಬಹುದು.