ಡೋಸ್ ಅದೇ, ಊಟ ಅದೇ, ಶುಗರ್ ಮಾತ್ರ ಲೋ: ಥೈರಾಯ್ಡ್ ನೋಡಿದಿರಾ?

ಒಂದು ಕೇಸ್ ಊಹಿಸಿಕೊಳ್ಳಿ. ಮದ್ದೂರು ಕಡೆಯ 19 ವರ್ಷದ ಹುಡುಗಿ. ಟೈಪ್ 1 ಡಯಾಬಿಟಿಸ್, ದಿನಾ ಇನ್ಸುಲಿನ್. ಅದೇ ಮುದ್ದೆ, ಅದೇ ಬಸ್ಸಾರು, ಅಷ್ಟೇ ಯೂನಿಟ್. ಆದರೂ ಈಚೆಗೆ ಶುಗರ್ ಪದೇಪದೇ 70ಕ್ಕಿಂತ ಕೆಳಗೆ ಇಳಿಯುತ್ತಿದೆ. ನಮ್ಮ ಬಾಯಿಗೆ ಮೊದಲು ಬರುವ ಮಾತು, "ನೆಟ್ಟಗೆ ಊಟ ಮಾಡ್ತಿಲ್ವೇನವ್ವ?" ಬೈಯುವುದು ಆಮೇಲೆ. ಮೊದಲು ಒಂದು ಟಿಎಸ್‌ಎಚ್ (ಥೈರಾಯ್ಡ್ ಹೇಗೆ ಕೆಲಸ ಮಾಡ್ತಿದೆ ಅಂತ ಹೇಳುವ ರಕ್ತಪರೀಕ್ಷೆ) ಬರೆಯಿರಿ.

ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಲಿವರ್ ರಕ್ತಕ್ಕೆ ಬಿಡುವ ಗ್ಲೂಕೋಸ್ ಇಳಿಯುತ್ತದೆ. ಕರುಳು ಗ್ಲೂಕೋಸ್ ಹೀರುವುದೂ ನಿಧಾನ. ಚುಚ್ಚಿದ ಇನ್ಸುಲಿನ್ ಮಾತ್ರ ಬೇಗ ಖಾಲಿಯಾಗದೆ ರಕ್ತದಲ್ಲೇ ಉಳಿಯುತ್ತದೆ. ಮೂರೂ ಸೇರಿದರೆ ಲೋ ಆಗದೆ ಇನ್ನೇನು? ಹಾರ್ಮೋನ್ ಜಾಸ್ತಿಯಾದರೆ ಇದು ಉಲ್ಟಾ: ಶುಗರ್ ಏರುತ್ತದೆ, ಇನ್ಸುಲಿನ್ ಜಾಸ್ತಿ ಬೇಕಾಗುತ್ತದೆ.

ಎರಡು ಕಾಯಿಲೆ ಒಬ್ಬರಲ್ಲೇ ಯಾಕೆ? ಎರಡೂ ಆಟೋಇಮ್ಯೂನ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗದ ಮೇಲೆ ತಿರುಗಿಬೀಳುವ ಕಾಯಿಲೆಗಳು. ಟೈಪ್ 1 ಇರುವ ಮಕ್ಕಳಲ್ಲಿ ಸುಮಾರು ಕಾಲುಭಾಗಕ್ಕೆ ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಥೈರಾಯ್ಡ್ ವಿರುದ್ಧದ ಆ್ಯಂಟಿಬಾಡಿ ಇರುತ್ತದೆ. ಆ್ಯಂಟಿಬಾಡಿ ಇದ್ದ ಮಾತ್ರಕ್ಕೆ ಥೈರಾಯ್ಡ್ ಕಾಯಿಲೆ ಬಂತು ಅಂತಲ್ಲ. ಆದರೆ ಅಂಥವರ ಮೇಲೆ ಕಣ್ಣಿಡಬೇಕು. "ಅಯೋಡಿನ್ ಉಪ್ಪೇ ತಿಂತೀವಲ್ಲ" ಎನ್ನುವವರಿಗೂ ಇದು ಬರುತ್ತದೆ.

ಗೊತ್ತಾಗದೆ ಉಳಿಯುವುದು ಹೇಗೆ ಅಂದರೆ, ಸುಸ್ತು, ತೂಕ ಏರಿಕೆ, ಮಲಬದ್ಧತೆ, ಒಣ ಚರ್ಮ ಎಲ್ಲವನ್ನೂ ನಾವು ಶುಗರ್ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಇನ್ನೊಂದು ಮೋಸ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿಯದು. ಥೈರಾಯ್ಡ್ ಕಡಿಮೆ ಇದ್ದಾಗ ಅದು ನಿಜಕ್ಕಿಂತ ಜಾಸ್ತಿ ತೋರಿಸಬಹುದು. ಅದನ್ನೇ ನಂಬಿ ಡೋಸ್ ಏರಿಸಿದರೆ ಹುಡುಗಿ ಕಾಲೇಜಿನಲ್ಲಿ ತಲೆತಿರುಗಿ ಬೀಳುತ್ತಾಳೆ.

ಟಿಎಸ್‌ಎಚ್ ಯಾವಾಗ? ಕೀಟೋಆಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತ ಆಮ್ಲೀಯವಾಗುವ ತುರ್ತು ಸ್ಥಿತಿ) ಆಗಿ ಅಡ್ಮಿಟ್ ಆದ ದಿನ ಬೇಡ, ಆಗ ರಿಪೋರ್ಟ್ ದಾರಿ ತಪ್ಪಿಸುತ್ತದೆ. ಕಾಯಿಲೆ ಪತ್ತೆಯಾಗಿ ಶುಗರ್ ಹತೋಟಿಗೆ ಬಂದ ಮೇಲೆ ಒಮ್ಮೆ, ಆಮೇಲೆ 1–2 ವರ್ಷಕ್ಕೊಮ್ಮೆ. ಲಕ್ಷಣ ಕಂಡರೆ, ಆ್ಯಂಟಿಬಾಡಿ ಇದ್ದರೆ ಇನ್ನೂ ಬೇಗ. ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದಾರಾ, ಕೇಳಿ. ಅದೂ ರಿಪೋರ್ಟ್ ಕೆಡಿಸುತ್ತದೆ.

ಥೈರಾಯ್ಡ್ ಕಡಿಮೆ ಇದ್ದರೆ ಕೊಡುವ ಮಾತ್ರೆ ಥೈರಾಕ್ಸಿನ್. ಅದು ಖಾಲಿ ಹೊಟ್ಟೆಗೆ, ಅರ್ಧದಿಂದ ಒಂದು ಗಂಟೆ ಬಿಟ್ಟು ತಿಂಡಿ. ಫಿಲ್ಟರ್ ಕಾಫಿಯೂ ಆಮೇಲೆಯೇ (ಮೈಸೂರಿನವರಿಗೆ ಇದೇ ಕಷ್ಟ!). ಮಾತ್ರೆ ಕೆಲಸ ಶುರು ಮಾಡಿದ ಮೇಲೆ ಇನ್ಸುಲಿನ್ ಮತ್ತೆ ಜಾಸ್ತಿ ಬೇಕಾಗಬಹುದು, ಹಾಗಾಗಿ ಮೀಟರ್ ರೀಡಿಂಗ್ ಬಿಡಬಾರದು.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಬಹುದಾದ ಒಂದು ಮಾತು: ಲೋ ಜೊತೆಗೆ ತೂಕ ಇಳಿದು, ಬಿಪಿ ಕಡಿಮೆಯಾಗಿ, ಚರ್ಮ ಕಪ್ಪಾಗುತ್ತಿದ್ದರೆ ಅಡಿಸನ್ ಕಾಯಿಲೆ (ಅಡ್ರಿನಲ್ ಗ್ರಂಥಿ ಸೋಲುವುದು) ಇರಬಹುದು. ಆಗ ಮೊದಲು ಆ ಗ್ರಂಥಿಯ ಹಾರ್ಮೋನ್ ಕಾರ್ಟಿಸಾಲ್ ನೋಡಬೇಕು. ಅದನ್ನು ಸರಿಪಡಿಸದೆ ಥೈರಾಕ್ಸಿನ್ ಕೊಟ್ಟರೆ ಅಡ್ರಿನಲ್ ಕ್ರೈಸಿಸ್ (ಕಾರ್ಟಿಸಾಲ್ ತೀರಾ ಸಾಲದಾಗುವುದು) ಆಗಿ ಜೀವಕ್ಕೇ ಅಪಾಯ.