ಮಿಷನ್ ಎಂದರೆ ಗುರಿಯಲ್ಲ

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಮೇಲೆ ಅದರ ಕುರಿತು ಬಂದ ಬರಹಗಳಲ್ಲಿ ‘ಮಿಷನ್’ ಎಂಬ ಪದ ಪಡುತ್ತಿರುವ ಪಾಡನ್ನು ನೋಡಿ ಸಾಕಾಗಿದೆ. ಒಬ್ಬರು ಅದನ್ನು ‘ಗುರಿ’ ಎಂದು ಅನುವಾದಿಸುತ್ತಾರೆ, ಇನ್ನೊಬ್ಬರಿಗೆ ಅದು ಮತಾಂತರದ ಮತ್ತೊಂದು ಹೆಸರು, ಮೂರನೆಯವರು ಕ್ಯಾಥೊಲಿಕ್ ಪಾದ್ರಿಗಳು ಕಟ್ಟಿದ ಈ ಕಾಲೇಜನ್ನೇ ಬಾಸೆಲ್ ಮಿಷನ್ ಎಂಬ ಪ್ರಾಟೆಸ್ಟೆಂಟ್ ಸಂಸ್ಥೆಯ ಕೊಡುಗೆಯೆಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಹೊಲಿಗೆ ಯಂತ್ರವನ್ನು ‘ಹೊಲಿಗೆ ಮಿಷನ್’ ಎನ್ನುವವರ ತಪ್ಪು ಇವೆಲ್ಲಕ್ಕಿಂತ ನಿರಪಾಯಕಾರಿ.

ಪದದ ಮೂಲ ಲ್ಯಾಟಿನ್ನಿನ ‘ಮಿತ್ತೆರೆ’, ಅರ್ಥ, ಕಳುಹಿಸು. ಅದರಿಂದ ‘ಮಿಸ್ಸಿಯೊ’, ಅಂದರೆ ಕಳುಹಿಸುವಿಕೆ. ನಾವು ದಿನವೂ ಆಡುವ ಕಮಿಷನ್, ಪರ್ಮಿಷನ್, ಕೊನೆಗೆ ಜೂನ್ ತಿಂಗಳಲ್ಲಿ ತಂದೆತಾಯಿಯರ ನಿದ್ದೆಗೆಡಿಸುವ ಅಡ್ಮಿಷನ್ ಕೂಡ ಇದೇ ಬೇರಿನ ಚಿಗುರುಗಳು. ಮಂಗಳೂರಿನ ಕ್ಯಾಥೊಲಿಕರು ಕೊಂಕಣಿಯಲ್ಲಿ ‘ಮೀಸ್’ ಎಂದು ಕರೆಯುವ ಬಲಿಪೂಜೆಯ, ಎಂದರೆ ಚರ್ಚಿನ ಮುಖ್ಯ ಆರಾಧನೆಯ, ಹೆಸರೂ ಅಲ್ಲಿಂದಲೇ ಬಂದದ್ದು: ಲ್ಯಾಟಿನ್ ಪೂಜೆಯ ಕೊನೆಯಲ್ಲಿ ಜನರನ್ನು ಬೀಳ್ಕೊಡುತ್ತಿದ್ದ ‘ಇತೆ, ಮಿಸ್ಸಾ ಎಸ್ತ್’ (ಹೋಗಿರಿ, ಕಳುಹಿಸಿಯಾಯಿತು) ಎಂಬ ಮಾತಿನಿಂದ. ಕ್ರೈಸ್ತ ದೇವಶಾಸ್ತ್ರದಲ್ಲಿ ಬಹುಕಾಲ ‘ಮಿಸ್ಸಿಯೊ’ ಎಂದರೆ ತಂದೆಯಾದ ದೇವರು ಮಗನನ್ನೂ ಪವಿತ್ರಾತ್ಮನನ್ನೂ ಲೋಕಕ್ಕೆ ಕಳುಹಿಸಿದ್ದು ಎಂದೇ ಅರ್ಥ. ಮನುಷ್ಯರನ್ನು ದೂರದೇಶಗಳಿಗೆ ಕಳುಹಿಸುವುದಕ್ಕೆ ಆ ಪದವನ್ನು ರೂಢಿಗೆ ತಂದವರಲ್ಲಿ 1540ರಲ್ಲಿ ಪೋಪರ ಮನ್ನಣೆ ಪಡೆದ ಯೇಸುಸಭೆಯವರು, ಅಂದರೆ ಜೆಸ್ವಿಟರು, ಮುಖ್ಯರು. ಪೋಪರು ಎಲ್ಲಿಗೆ ಕಳುಹಿಸಿದರೂ ಹೋಗುತ್ತೇವೆಂಬುದು ಅವರ ನಾಲ್ಕನೆಯ ಪ್ರತಿಜ್ಞೆ. ಕಳುಹಿಸುವವನೊಬ್ಬ ಇಲ್ಲದೆ ಮಿಷನ್ ಇಲ್ಲ. ಗುರಿಯಾದರೋ ನನಗೆ ನಾನೇ ಇಟ್ಟುಕೊಳ್ಳಬಹುದಾದದ್ದು.

ಅಲೋಶಿಯಸ್ಸಿನ ಇತಿಹಾಸವನ್ನು ಈ ಅರ್ಥದಲ್ಲಿ ಓದಿದರೆ ಮಾತ್ರ ಅದು ತಿಳಿಯುತ್ತದೆ. ತಮ್ಮ ಊರಿಗೊಂದು ಕಾಲೇಜು ಬೇಕೆಂಬ ಮಂಗಳೂರಿನ ಕ್ಯಾಥೊಲಿಕರ ಬೇಡಿಕೆ ರೋಮಿನವರೆಗೆ ಹೋಯಿತು. 1878ರಲ್ಲಿ ಹದಿಮೂರನೆಯ ಲಿಯೋ ಪೋಪರು ಮಂಗಳೂರನ್ನು ಜೆಸ್ವಿಟರಿಗೆ ಒಪ್ಪಿಸಿದರು. ಆ ವರ್ಷದ ಕೊನೆಯ ದಿನ ಜೆಸ್ವಿಟ್ ಪಾದ್ರಿಗಳು ಇಲ್ಲಿಗೆ ಬಂದಿಳಿದರು, 1880ರ ಜನವರಿಯಲ್ಲಿ ಕೊಡಿಯಾಲ್‌ಬೈಲಿನಲ್ಲಿ ತರಗತಿಗಳು ಆರಂಭವಾದವು. ಕರೆದವರು ಇಲ್ಲಿಯವರು, ಕಳುಹಿಸಿದವರು ರೋಮಿನವರು. ಹಾಗೆ ಬಂದವರು ಮಾಡಿದ್ದೆಲ್ಲ ಯಾವ ಗುರಿಪಟ್ಟಿಯಲ್ಲೂ ಇದ್ದಿರಲಾರದು. ಪಾಠ ಹೇಳಲು ಬಂದ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲೇ ಹೋಮಿಯೋಪತಿ ಔಷಧಿ ಕೊಡತೊಡಗಿದರು. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಅದರಿಂದ. ಪಾದ್ರಿಯೂ ಅಲ್ಲದ, ಬರಿಯ ‘ಬ್ರದರ್’ ಆಗಿದ್ದ ಅಂತೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಕಾಲೇಜಿನ ಚಾಪೆಲಿನ ಗೋಡೆ, ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದರು.

ಇನ್ನು ಬಾಸೆಲ್ ಮಿಷನ್. ಅದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರಾಟೆಸ್ಟೆಂಟ್ ಸಂಸ್ಥೆ. ಮಂಗಳೂರಿಗೆ ಬಂದದ್ದು 1834ರಲ್ಲಿ, ಜೆಸ್ವಿಟರಿಗಿಂತ ನಾಲ್ಕು ದಶಕ ಮೊದಲು. ಕನ್ನಡದ ಮೊದಲ ಪತ್ರಿಕೆ, ಹಂಚಿನ ಕಾರ್ಖಾನೆ, ಕಿಟೆಲ್ ನಿಘಂಟು ಇವೆಲ್ಲ ಆ ಮಿಷನ್ನಿನವು. ಅವರಿಗೂ ಜೆಸ್ವಿಟರಿಗೂ ಪೋಪರನ್ನು ಒಪ್ಪುವ ವಿಷಯದಲ್ಲೇ ಜಗಳ, ಆದ್ದರಿಂದ ಒಬ್ಬರ ಕೆಲಸವನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದರೆ ಇಬ್ಬರೂ ಮೆಚ್ಚಲಾರರು. ಆದರೂ ಜೆಸ್ವಿಟ್ ಪಾದ್ರಿ ಆಂಜೆಲೊ ಮಾಫೆಯಿಯವರ ಕೊಂಕಣಿ ವ್ಯಾಕರಣ 1882ರಲ್ಲಿ ಅಚ್ಚಾದದ್ದು ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲೇ ಎಂಬುದನ್ನು ಗೊಂದಲಕ್ಕೆ ಒಂದು ವಿನಾಯಿತಿಯೆಂದು ಬೇಕಾದರೆ ಒಪ್ಪಬಹುದು.

ಮದರಾಸು, ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳ ಅಧೀನದಲ್ಲಿ ಒಂದೂವರೆ ಶತಮಾನದಷ್ಟು ಕಾಲ ಪಾಠ ಮಾಡಿ ಈಗ ಸ್ವತಃ ಪದವಿ ಕೊಡುವ ಸಂಸ್ಥೆಯ ‘ಮಿಷನ್’ ಅನ್ನು ಕನ್ನಡದಲ್ಲಿ ಹೇಳುವುದು ಹೇಗೆ? ‘ಧ್ಯೇಯ’ ಕೇಳಲು ಚೆನ್ನಾಗಿದೆ, ಆದರೆ ಧ್ಯಾನಿಸಲು ಒಬ್ಬನೇ ಸಾಕು. ಕ್ಯಾಥೊಲಿಕರ ಕನ್ನಡ ಬೈಬಲ್ ಯೇಸು ಕಳುಹಿಸಿದ ಶಿಷ್ಯರಾದ ಅಪೊಸ್ತಲರನ್ನು ‘ಪ್ರೇಷಿತರು’, ಎಂದರೆ ಕಳುಹಿಸಲ್ಪಟ್ಟವರು, ಎಂದು ಬಹಳ ಸರಿಯಾಗಿ ಕರೆದಿದೆ. ಅದು ತೀರ ಚರ್ಚಿನ ಮಾತೆನಿಸಿದರೆ ‘ನಿಯೋಗ’ ಇದ್ದೇ ಇದೆ. ಮುಖ್ಯಮಂತ್ರಿಗಳ ಬಳಿ ಹೋಗುವ ನಿಯೋಗವನ್ನೂ ಯಾರಾದರೊಬ್ಬರು ಕಳುಹಿಸಿರುತ್ತಾರೆ.